ಪರೀಕ್ಷೆಯ ಕೋಣೆಯ ಚಹಾ

ಕಳೆದ ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ, ಶಿರಹಟ್ಟಿಯ ದವಾಖಾನೆಯೊಂದಕ್ಕೆ ಎಚ್‌ಐವಿ ಪರೀಕ್ಷೆಗೆಂದು ಬಂದಿದ್ದ ಲಕ್ಷ್ಮೇಶ್ವರದ ವ್ಯಕ್ತಿಯೊಬ್ಬರು ಅಲ್ಲಿ ಕೊಟ್ಟ ಚಹಾ ಕುಡಿದು, ಪರೀಕ್ಷೆ ಮಾಡಿಸಿಕೊಳ್ಳದೆ ಊರಿಗೆ ಮರಳಿದರು.

ಸುದ್ದಿ ಇಷ್ಟೇ. ಪತ್ರಿಕೆಯ ಮೇಜಿನ ಮುಂದೆ ಆಯುಷ್ಯ ಸವೆಸಿದವನಿಗೆ ಇದಕ್ಕಿಂತ ಹೆಚ್ಚು ಬರೆಯಲು ಕೈ ಏಳುವುದಿಲ್ಲ. ಆದರೆ ಆ ವ್ಯಕ್ತಿ ನನ್ನ ಗೆಳೆಯ. ಆ ಪರೀಕ್ಷೆ ಹೇಗೆ ನಡೆಯಬೇಕು ಎಂದು ತಿಳಿಸುವ ಮಾರ್ಗಸೂಚಿಯನ್ನು ಸಿದ್ಧಪಡಿಸುವ ಕೆಲಸ ಆಗ ನನ್ನ ಹೆಗಲ ಮೇಲಿತ್ತು. ಹೀಗಾಗಿ ಸ್ವಲ್ಪ ಉದ್ದ ಬರೆಯಬೇಕಾಗಿದೆ. ಗೆಳೆಯನ ಅಪ್ಪಣೆ ಪಡೆದಿದ್ದೇನೆ, ಹೆಸರನ್ನೂ ಬದಲಿಸಿದ್ದೇನೆ. ನಾನು ಮೊದಲು ಇಟ್ಟ ಹೆಸರು ಅವನಿಗೆ ಹಿಡಿಸಲಿಲ್ಲ. "ಆ ಹೆಸರಿನಾಂವ ನಮ್ಮ ಓಣ್ಯಾಗ ಒಬ್ಬ ಅದಾನ, ಭಾಳ ಬೆರಕಿ. ಮೆಹಬೂಬ ಅಂತ ಇಡು" ಎಂದ. ಇಟ್ಟಿದ್ದೇನೆ.

ನಿವೃತ್ತನಾಗಿ ಬೆಟಗೇರಿಯ ಮನೆಯಲ್ಲಿ ಹಳೆಯ ಪತ್ರಿಕೆಗಳನ್ನು ಮಡಚಿಡುತ್ತ ಕುಳಿತಿದ್ದವನನ್ನು ಕೆಲವು ವೈದ್ಯರೂ ಸ್ವಯಂಸೇವಕರೂ ಸೇರಿ ಕರೆದರು. ತಾಲೂಕಿನ ದವಾಖಾನೆಗಳಲ್ಲಿ ಓದಿ ತಿಳಿಯುವಂಥ ಕನ್ನಡದಲ್ಲಿ ಮಾರ್ಗಸೂಚಿ ಬೇಕಾಗಿತ್ತು. ಬರೆಯುವವರು ಅವರು, ಬರೆದವರು ಜಗಳಾಡಿ ಒಬ್ಬರನ್ನೊಬ್ಬರು ಬಿಟ್ಟುಹೋಗದಂತೆ ನೋಡಿಕೊಳ್ಳುವವನು ನಾನು. ಇದಕ್ಕೆ ಸಂಯೋಜಕ ಎನ್ನುತ್ತಾರೆ. ಪರೀಕ್ಷೆಗೆ ಯಾರನ್ನೂ ಬಲವಂತ ಮಾಡಬಾರದು ಎಂಬ ಮೊದಲ ವಾಕ್ಯಕ್ಕೆ ಎಲ್ಲರನ್ನೂ ಒಪ್ಪಿಸಲು ನಾನು ಸಾಕಷ್ಟು ಬಲವಂತ ಮಾಡಬೇಕಾಯಿತು. ಗೋಪ್ಯತೆಯ ಅಧ್ಯಾಯವಂತೂ ನಮ್ಮ ಹೆಮ್ಮೆ. ಬಾಗಿಲಿಗೆ ಪರದೆ, ಕಪಾಟಿಗೆ ಬೀಗ, ಪಡಸಾಲೆಯಲ್ಲಿ ಹೆಸರು ಹಿಡಿದು ಕೂಗಬಾರದು, ಎಲ್ಲವೂ ಅದರಲ್ಲಿದ್ದವು. ಪರದೆ ತೆಳ್ಳಗಿರಬಾರದು ಎಂದು ನಾನೇ ಸೇರಿಸಿದ್ದೆ.

ಮೆಹಬೂಬನಿಗೆ ಆಗ ಕ್ಷಯದ ಔಷಧಿ ನಡೆದಿತ್ತು. ಕ್ಷಯ ಇದ್ದವರೆಲ್ಲರಿಗೂ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಲು ವೈದ್ಯರು ಹೇಳುತ್ತಾರೆ. ಎರಡೂ ಜೊತೆಗಿದ್ದು ಒಂದು ಗೊತ್ತಾಗದೆ ಉಳಿದರೆ ಜೀವಕ್ಕೇ ಅಪಾಯ. ಗೊತ್ತಾದರೆ ಔಷಧಿ ಇದೆ, ಬದುಕೂ ಇದೆ. ಇದನ್ನು ನಾನು ಅವನಿಗೆ ಫೋನಿನಲ್ಲಿ ಎಷ್ಟೋ ಸಲ ಹೇಳಿದ್ದೆ. ಲಕ್ಷ್ಮೇಶ್ವರದಲ್ಲಿ ಎಲ್ಲರೂ ಪರಿಚಿತರು ಎಂದು ಅವನು ಮುಂದೂಡುತ್ತಲೇ ಬಂದ. ಕೊನೆಗೆ ಶಿರಹಟ್ಟಿಗೆ ಹೋದ. ಸಂಜೆ ಅವನೇ ಫೋನ್ ಮಾಡಿದ.

"ಅಲ್ಲಿ ಶಾಂತಕ್ಕ ಅಂತ ಅದಾರ, ಸಮಾಧಾನ ಹೇಳೂ ಕೆಲಸ ಅವರದು. ಭಾಳ ಚಲೋ ಹೆಣ್ಣಮಗಳು. 'ಗಾಬರಿ ಆಗಬ್ಯಾಡ್ರಿ ಕಾಕಾ, ಮೊದ್ಲ ಚಹಾ ಕುಡೀರಿ' ಅಂದ್ರು. ಚಹಾ ತಂದಾಂವ 'ಯಾವೂರ್ರಿ?' ಅಂದ. ಲಕ್ಷ್ಮೇಶ್ವರ ಅಂದೆ. 'ಯಾರ ಪೈಕಿ?' ಅಂದ. ಹೇಳದಿದ್ರ ಸೊಕ್ಕು ಅಂತಾರ, ಹೇಳಿದೆ. ಲೇ ವಸಂತ್ಯಾ, ಅವನ ಹೆಂಡ್ತಿ ತಮ್ಮ ನಮ್ಮ ಓಣ್ಯಾಗ ಇರ್ತಾನ."

"ಚಹಾ ಕುಡದ್ರ ಏನಾತು? ಜ್ವರಕ್ಕ ಬಂದೇನಿ ಅನಬೇಕಿತ್ತು."

"ಜ್ವರ ಬಂದಾವರಿಗೆ ಅಲ್ಲಿ ಚಹಾ ಇಲ್ಲ. ನಾಯಿ ಕಡದಾವರಿಗೂ ಇಲ್ಲ. ಶಾಂತಕ್ಕನ ಖೋಲಿಗೆ ಬಂದಾವರಿಗೆ ಅಷ್ಟ ಐತಿ. ಪಡಸಾಲ್ಯಾಗ ಕುಂತಾವರೆಲ್ಲಾ ನನ್ನ ಕಪ್ ನೋಡಾಕತ್ತಿದ್ರು."

"ಹಂಗಾರ ಯಾಕ ಕುಡದಿ?"

"ಕೊಟ್ಟ ಚಹಾ ಬಿಟ್ಟು ಎದ್ದರ ಆಕಿಗೆ ಬ್ಯಾಸರ ಆಗೂದಿಲ್ಲೇನ?"

ಅದಾದ ಮೇಲೆ ಅವನು ಯಾವ ದವಾಖಾನೆಗೂ ಹೋಗುವುದಿಲ್ಲವೆಂದು ಕುಳಿತುಬಿಟ್ಟ.

ಹಿಂದೆ ಮೆಹಬೂಬ ಗದುಗಿನ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ನಾನು ಅದೇ ಕಟ್ಟಡದ ಮೇಲಂತಸ್ತಿನಲ್ಲಿದ್ದ ಪತ್ರಿಕೆಯಲ್ಲಿ ಉಪಸಂಪಾದಕ. ಮಧ್ಯಾಹ್ನ ಒಂದೇ ಚಹಾ ತರಿಸುತ್ತಿದ್ದೆವು. ಕಪ್ ನನಗೆ, ಬಶಿಗೆ ಸುರಿದದ್ದು ಅವನಿಗೆ. ಬಶಿಯಲ್ಲಿ ಜಲ್ದಿ ಆರುತ್ತದೆ, ಕೆಲಸ ನಿಲ್ಲುವುದಿಲ್ಲ ಎಂಬುದು ಅವನ ವಾದ. ಸೀಸದ ಮಸಿ ಹತ್ತಿದ ಆ ಬೆರಳುಗಳು ಬಶಿಯ ಅಂಚಿನಲ್ಲಿ ಬಿಡುತ್ತಿದ್ದ ಗುರುತು ಈಗಲೂ ಕಣ್ಣ ಮುಂದಿದೆ. ಊರಿನ ಸುದ್ದಿಯೆಲ್ಲ ಅವನ ಕೈಯಲ್ಲಿ ತಲೆಕೆಳಗಾಗಿ ಹಾದುಹೋಗುತ್ತಿತ್ತು. ಯಾರ ಮದುವೆ ಯಾರ ಜೊತೆ, ಯಾರ ಅಂಗಡಿ ಮುಚ್ಚುತ್ತದೆ, ಯಾವ ಸಂಘ ಒಡೆಯುತ್ತದೆ ಎಂಬುದು ಅವನಿಗೆ ಊರಿಗಿಂತ ಮೊದಲು ಗೊತ್ತು. ಬಾಯಿ ಬಿಡುತ್ತಿರಲಿಲ್ಲ. ನನ್ನ ಸ್ವಂತ ಚಿಕ್ಕಪ್ಪನ ಮಗಳ ಲಗ್ನಪತ್ರಿಕೆಯನ್ನು ಜೋಡಿಸಿಟ್ಟು ನನ್ನ ಜೊತೆ ಚಹಾ ಕುಡಿದ. ನನಗೆ ಅದು ಅಂಚೆಯಲ್ಲಿ ಬಂದಾಗಲೇ ಗೊತ್ತಾದದ್ದು. ಜಗಳಕ್ಕೆ ಹೋದೆ. "ಮೊಳ್ಯಾಗ ಇರೂತನಾ ಸುದ್ದಿ ಗಿರಾಕಿದು. ಕಾಗದದ ಮ್ಯಾಲ ಬಿದ್ದಮ್ಯಾಲ ನಿಂದು" ಎಂದ. ಇನ್ನೊಬ್ಬರ ಗುಟ್ಟನ್ನು ಹೀಗೆ ಕಾದ ಮನುಷ್ಯನ ಗುಟ್ಟನ್ನು ನಮ್ಮ ಮಾರ್ಗಸೂಚಿ ಒಂದು ಕಪ್ ಚಹಾದಿಂದ ಕಾಯಲಾರದೆ ಹೋಗಿತ್ತು.

ಮುಂದಿನ ಸಭೆ ಮುಂಡರಗಿಯಲ್ಲಿ ಸೇರಿತು. ಹೆಸರು, ಊರು ಹೇಳದೆ ವಿಷಯ ಇಟ್ಟೆ. ಅಧ್ಯಕ್ಷತೆ ವಹಿಸಿದ್ದ ಡಾಕ್ಟರ್ ಮೇಡಂ ಧಾರವಾಡದವರು, ಮಾತು ಕಡಿಮೆ. "ಚಹಾ ಬಂದ್ ಮಾಡ್ರಿ. ಮುಂದಿನ ವಿಷಯ" ಎಂದರು. ಸಭೆಗೆ ಬಂದಿದ್ದ ಶಾಂತಕ್ಕನಿಗೆ ಇದು ತನ್ನದೇ ಕೋಣೆಯ ಮಾತೆಂದು ತಿಳಿಯಲು ತಡವಾಗಲಿಲ್ಲ.

"ಕೈಕಾಲು ನಡುಗಕೋತ ಬರ್ತಾರ್ರಿ. ಬಂದಾವರಿಗೆ ಚಹಾ ಕೊಡದ ಸೂಜಿ ಚುಚ್ಚಿ ಕಳಸೂದು ಯಾವ ರೀತಿರಿ?"

"ಚಹಾ ಕುಡಿದವರು ಯಾತಕ್ಕ ಬಂದಾರಂತ ಊರಿಗೆಲ್ಲಾ ಗೊತ್ತಾಗತೈತಿ, ಶಾಂತಕ್ಕ" ಎಂದೆ.

"ನಮ್ಮ ಮನಿಗೆ ಬಂದಾಗ ನೀವು ಚಹಾ ಒಲ್ಲೆ ಅಂದದ್ದು ನೆನಪಿಲ್ರಿ ನನಗ."

ಸಂಯೋಜಕನಾಗಿ ನಾನೊಂದು ವಾಕ್ಯ ತಯಾರಿಸಿದೆ: 'ಪರೀಕ್ಷೆಗೆ ಬಂದವರಿಗೆ ವಿಶೇಷ ಉಪಚಾರ ಸಲ್ಲದು.' "ಉಪಚಾರ ಇಲ್ಲಂತ ದವಾಖಾನ್ಯಾಗ ಬರದು ಹಚ್ಚೂನೇನ್ರಿ?" ಎಂದು ಶಾಂತಕ್ಕ ಕೇಳಿದರು. ಹೊಡೆದುಹಾಕಿದೆ. ಅಷ್ಟರಲ್ಲಿ ಸಭೆಗೆ ಚಹಾ ಬಂತು. ಯಾರೂ ಯಾರ ಮುಖವನ್ನೂ ನೋಡದೆ ಕುಡಿದೆವು. ಕೊನೆಗೆ ಡಾಕ್ಟರ್ ಮೇಡಂ ಕಪ್ ಕೆಳಗಿಟ್ಟು ತೀರ್ಮಾನ ಹೇಳಿದರು: ಕೊಟ್ಟರೆ ಪಡಸಾಲೆಯಲ್ಲಿದ್ದ ಎಲ್ಲರಿಗೂ, ಇಲ್ಲದಿದ್ದರೆ ಯಾರಿಗೂ ಇಲ್ಲ. ಸಕ್ಕರೆ ಕಾಯಿಲೆ, ಜ್ವರ, ಎಚ್‌ಐವಿ, ಯಾವುದಕ್ಕೇ ಆಗಲಿ ರಕ್ತ ಒಂದೇ ಕೋಣೆಯಲ್ಲಿ ತೆಗೆಯಬೇಕು. ಫಲಿತಾಂಶ ಏನೇ ಇರಲಿ, ಆಮೇಲೆ ಎಲ್ಲರನ್ನೂ ಸಮಾನ ಹೊತ್ತು ಕೂರಿಸಿ ಮಾತಾಡಿಸಬೇಕು. ಹೊರಗಿನವರು ಗಡಿಯಾರ ನೋಡಿ ಲೆಕ್ಕ ಹಾಕುವಂತಿರಬಾರದು. ಕಡೆಯದು ನನ್ನ ಸಲಹೆ. ಪತ್ರಕರ್ತರು ಹೇಗೆ ಸುದ್ದಿ ಹಿಡಿಯುತ್ತಾರೆಂದು ನನಗೆ ಗೊತ್ತಲ್ಲ.

ಈ ಕರಡನ್ನು ಶಿರಹಟ್ಟಿಯಲ್ಲೇ ಮೊದಲು ಜಾರಿಗೆ ತಂದರು. ಮೆಹಬೂಬನಿಗೆ ಫೋನ್ ಮಾಡಿ ಎಲ್ಲ ವಿವರಿಸಿದೆ. "ನೀನೂ ಬಾ. ಒಬ್ಬನ ಆದ್ರ ಮತ್ತ ಚಹಾ ಕುಡದು ಬರ್ತೇನಿ" ಎಂದ.

ಹೋದೆವು. ಅವನು ಬಡವಾಗಿದ್ದ. ಅಂಗಿಯೊಳಗೆ ಇನ್ನೊಬ್ಬ ಹಿಡಿಸುವಷ್ಟು ಜಾಗವಿತ್ತು. ಚಹಾ ತರುತ್ತಿದ್ದ ಅಂಗಡಿಯವನು ಬಾಗಿಲಲ್ಲಿ ನಿಂತು, "ಶಾಂತಕ್ಕಾರ, ಚಹಾ ಬ್ಯಾಡಂದ್ರಂತಲ್ರಿ. ನಮ್ಮದೇನರ ತಪ್ಪಾತೇನ್ರಿ?" ಎಂದು ನೊಂದುಕೊಂಡು ಕೇಳುತ್ತಿದ್ದ. ಶಾಂತಕ್ಕ ಸೆರಗಿನ ತುದಿಯನ್ನು ಹೊಸೆಯುತ್ತಿದ್ದರು. ಮೆಹಬೂಬ ಒಳಗೆ ಹೋದ. ನಾನು ಪಡಸಾಲೆಯ ಬೆಂಚಿನ ಮೇಲೆ ಕುಳಿತೆ. ಪಕ್ಕದ ಅಜ್ಜಿ, "ಯಾಕ ಬಂದೀಯಪಾ?" ಎಂದು ವಿಚಾರಿಸಿದರು. ಗೆಳೆಯನ ಜೊತೆ ಎಂದರೆ ಗೆಳೆಯನ ಗುಟ್ಟು ಹೋದಂತೆ. "ರಕ್ತ ತಪಾಸಣಿಗೆ" ಎಂದೆ. ಅಜ್ಜಿ ನನ್ನ ಬೋಳುತಲೆ, ಇಸ್ತ್ರಿ ಅಂಗಿ ಎಲ್ಲ ನೋಡಿ, "ಹೋಗ್ಲಿ ಬಿಡು. ಈ ವಯಸ್ಸಿನಾಗ ದೇವರಿಗೆ ಕೈ ಮುಗಿ" ಎಂದು ಸ್ವಲ್ಪ ಸರಿದು ಕುಳಿತರು. ನಾನು ಗಡಿಯಾರ ನೋಡತೊಡಗಿದೆ. ಜಲ್ದಿ ಬಂದರೆ ಚಿಂತೆಯಿಲ್ಲ, ತಡವಾದರೆ ಏನೋ ಇದೆ ಎಂದು ಲೆಕ್ಕ ಹಾಕಿದೆ. ನಡುವೆ ಒಬ್ಬ ಹೆಂಗಸು, ಒಬ್ಬ ಮುದುಕ ಒಳಗೆ ಹೋಗಿ ಬಂದರು. ಎಲ್ಲರಿಗೂ ಅಷ್ಟೇ ಹೊತ್ತು. ನಮ್ಮ ಮಾರ್ಗಸೂಚಿಯನ್ನು ಶಾಂತಕ್ಕ ಅಕ್ಷರಶಃ ಪಾಲಿಸುತ್ತಿದ್ದರು.

ಮೆಹಬೂಬ ಹೊರಗೆ ಬಂದ. ಅವನ ಮುಖದಲ್ಲಿ ಏನೂ ಇರಲಿಲ್ಲ. ಬಸ್ ನಿಲ್ದಾಣದವರೆಗೂ ನಾನು ಮಳೆ, ಜೋಳ, ರಸ್ತೆಯ ತಗ್ಗು ಎಲ್ಲ ಮಾತಾಡಿದೆ.

"ಕೇಳಬೇಕನಸತೈತೇನು?" ಎಂದ.

"ಹ್ಞೂಂ."

"ಜೊತಿಗೆ ಬಂದಾವರು ಕೇಳಬಹುದಂತ ನಿಮ್ಮ ಕರಡಿನಾಗ ಐತೇನು?"

"ಇಲ್ಲ. ಕೇಳಬಾರದಂತ ಐತಿ."

"ಯಾರು ಬರದದ್ದು?"

"ನಾನ."

"ಚಲೋ ಬರದೀ" ಎಂದು ಲಕ್ಷ್ಮೇಶ್ವರದ ಬಸ್ ಹತ್ತಿದ.

ಮನೆಯಲ್ಲಿ ಹೆಂಡತಿ, "ಏನಾತ್ರಿ ಅವರದು?" ಎಂದಳು. ಗೊತ್ತಿಲ್ಲ ಎಂದೆ. "ಇಷ್ಟು ವರ್ಷ ಪೇಪರಿನ್ಯಾಗ ಏನು ಮಾಡಿದ್ರಿ ಹಂಗಾರ?" ಎಂದು ಒಳಗೆ ಹೋದಳು.

ಹೋದ ಭಾನುವಾರ ಮೆಹಬೂಬ ಫೋನ್ ಮಾಡಿದ್ದ. ಕೆಮ್ಮು ನಿಂತಿದೆ, ತೂಕ ಏರಿದೆ, ಔಷಧಿ ತಪ್ಪಿಸುತ್ತಿಲ್ಲ. ಪರೀಕ್ಷೆಯ ಫಲಿತಾಂಶ ಈವರೆಗೆ ತಿಳಿದುಬಂದಿಲ್ಲ.