ಅಕ್ಕನ ಬಯೋಡೇಟಾ ಕೊಡಿಸಿದ ರೂಮು

ಮಾನ ಹೋಗೋ ಪ್ರಸಂಗಗಳನ್ನ ನಾನಾಗೇ ಹುಡುಕ್ಕೊಂಡು ಹೋಗಲ್ಲ, ಅವೇ ನನ್ನ ವಿಳಾಸ ಕೇಳ್ಕೊಂಡು ಬರ್ತವೆ. ಓದೋಕೆ ಅಂತ ಮೈಸೂರಿಂದ ನೆದರ್ಲೆಂಡ್ಸಿನ ಡೆಲ್ಫ್ಟಿಗೆ ಬಂದ ಹೊಸದರಲ್ಲಿ ನನಗೆ ವಿಳಾಸಾನೇ ಇರಲಿಲ್ಲ. ಆದ್ರೂ ತಪ್ಪದೆ ಬಂದ್ವು.

ಆಗ ನಾನು ಹುಬ್ಬಳ್ಳಿಯ ಸೀನಿಯರ್ ಒಬ್ಬರ ರೂಮಿನಲ್ಲಿ, ಅವರ ಮಂಚಕ್ಕೂ ಸೈಕಲ್ಲಿಗೂ ಮಧ್ಯೆ, ಹಾಸ್ಕೊಂಡು ಮಲಗ್ತಿದ್ದೆ. ಒಂದು ದಿನ ಹಲ್ಲುಜ್ಜೋ ಹೊತ್ತಿಗೆ ಓನರ್ ಕಣ್ಣಿಗೆ ಬಿದ್ದೆ. "ತಿಂಗಳ ಕೊನೆಗೆ ಇವನು ಹೋಗ್ಬೇಕು, ಇಲ್ದಿದ್ರೆ ಇಬ್ಬರೂ ಹೋಗ್ಬೇಕು" ಅಂದು ಹೋದ್ರು. ಉಳಿದಿದ್ದು ಹನ್ನೆರಡೇ ದಿನ.

"ನನ್ನ ಬುಡಕ್ಕ ನೀರು ಬಂತಲೇ ತಮ್ಮಾ, ಲಗೂನ ಒಂದು ರೂಮ್ ನೋಡ್ಕೊ" ಅಂದ್ರು ಸೀನಿಯರ್. ನನ್ನಿಂದ ಅವರೂ ಬೀದಿಗೆ ಬೀಳ್ತಾರಲ್ಲ ಅಂತ ಅನ್ನ ಇಳೀಲಿಲ್ಲ.

೧. ಬಯೋಡೇಟಾ

ಇಲ್ಲಿ ಹೊಸಬನನ್ನ ಆರಿಸೋದು ಓನರ್ ಅಲ್ಲ, ಆ ಮನೇಲಿ ಆಗಲೇ ಇರೋ ಹುಡುಗ ಹುಡುಗೀರು. ಮೊದಲು ನಮ್ಮ ಬಗ್ಗೆ ಬರೆದು ಕಳಿಸ್ಬೇಕು. ಇಷ್ಟ ಆದ್ರೆ ಒಂದು ಸಂಜೆ ಕರೆದು, ಎದುರಿಗೆ ಕೂರಿಸ್ಕೊಂಡು, ಮಾತಾಡಿಸಿ, "ಆಮೇಲೆ ತಿಳಿಸ್ತೀವಿ" ಅಂತ ಕಳಿಸ್ತಾರೆ.

"ಥೇಟ್ ಹೆಣ್ಣು ನೋಡೋ ಶಾಸ್ತ್ರ ನೋಡು, ಉಪ್ಪಿಟ್ಟೊಂದ ಇಲ್ಲ" ಅಂದ್ರು ಸೀನಿಯರ್.

ಅಷ್ಟು ಕೇಳಿದ್ದೇ ತಡ, ನನ್ನ ಬುದ್ಧಿ ಓಡ್ತು. ಅಕ್ಕನ ಮದುವೆಗೆ ಅಂತ ನಾನೇ ಇಂಗ್ಲಿಷಲ್ಲಿ ಟೈಪ್ ಮಾಡಿದ್ದ ಬಯೋಡೇಟಾ ಲ್ಯಾಪ್‌ಟಾಪಲ್ಲೇ ಇತ್ತು. ಹೆಸರು, ಓದು, ಫೋಟೋ ಬದಲಾಯಿಸಿ ಹದಿನಾಲ್ಕು ಮನೆಗೆ ಕಳಿಸಿಬಿಟ್ಟೆ. ಮಿಕ್ಕಿದ್ದನ್ನ ಓದಿ ನೋಡೋ ತಾಳ್ಮೆ ಯಾರಿಗಿತ್ತು? ಗೋಧಿ ಮೈಬಣ್ಣ, ಐದಡಿ ಮೂರಿಂಚು, ರೋಹಿಣಿ ನಕ್ಷತ್ರ, ಎಲ್ಲ ಮನೆಕೆಲಸದಲ್ಲೂ ಪಳಗಿದ ಕೈ, ಕರ್ನಾಟಕ ಸಂಗೀತ ಬರುತ್ತೆ. ಎಲ್ಲಾ ಹಾಗೇ ಹೋಯ್ತು.

ಉತ್ತರ ಬಂದಿದ್ದು ಎರಡು ಮನೆಯಿಂದ. ಮೊದಲನೆಯವರು ಬರೆದಿದ್ರು: "ಗುರುವಾರ ಸಂಜೆ ಆರಕ್ಕೆ ಬಾ. ಹಾಡು ಕೇಳೋಕೆ ಎಲ್ಲರೂ ಕಾಯ್ತಿದ್ದೀವಿ."

೨. ಬೇಡ ಅಂದ ಊಟ

ಗಂಟಲು ಕೆಟ್ಟಿದೆ ಅಂತ ಸುಳ್ಳು ಹೇಳಿ ಹಾಡಿಂದ ತಪ್ಪಿಸ್ಕೊಂಡೆ. ಸೋಫಾ ಮೇಲೆ ನನ್ನಂಥ ಉಮೇದುವಾರರು ಇನ್ನೂ ಮೂವರು ಇದ್ರು. ಅಷ್ಟರಲ್ಲಿ ಟೇಬಲ್ ಮೇಲೆ ದೊಡ್ಡ ಪಾತ್ರೇಲಿ ಬಿಸಿ ಬಿಸಿ ಟೊಮೇಟೊ ಸೂಪು, ಬ್ರೆಡ್ಡು ಬಂತು. ಬೆಳಿಗ್ಗೆಯಿಂದ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಆ ಮನೆಯ ಹುಡುಗಿ ಕೇಳಿದ್ಲು, "ಊಟ ಮಾಡ್ತೀಯಾ?"

"ಅಯ್ಯೋ, ಬೇಡ ಬೇಡ, ಈಗ ತಾನೇ ಆಯ್ತು" ಅಂದೆ.

ಮೊದಲನೇ ಸಲಕ್ಕೇ ಹೂಂ ಅನ್ನೋಕಾಗುತ್ತಾ? ನಮ್ಮಲ್ಲಿ ಬೇಡ ಅಂದ್ಮೇಲೆ ತಾನೇ ಒತ್ತಾಯ ಶುರುವಾಗೋದು. "ಹಾಗೆಲ್ಲ ಆಗಲ್ಲ, ಸ್ವಲ್ಪ ತಗೋ" ಅಂತ ತಟ್ಟೆ ಕೈಗೇ ಬರುತ್ತೆ. ಈ ಹುಡುಗಿ "ಸರಿ" ಅಂದು ಪಕ್ಕದವನ ಕಡೆ ತಿರುಗಿದ್ಲು. ಕಥೆ ಮುಗೀತು. ಆ ಪಕ್ಕದವನು ಎರಡು ಸಲ ಹಾಕಿಸ್ಕೊಂಡ. ನಾನು ಅವನ ಬಾಯನ್ನೇ ನೋಡ್ತಾ ಕೂತೆ.

ಮಾತು ನಿಂತು ಎಲ್ಲರೂ ಸುಮ್ಮನಾದ ಹೊತ್ತಿಗೇ ನನ್ನ ಹೊಟ್ಟೆ ಗುರ್ ಅಂತು. ಗೋಡೆಗೂ ಕೇಳಿಸಿರಬೇಕು.

"ಹಸಿವಾ?" ಅಂದ್ಲು.

"ಇಲ್ಲ, ಜಾಸ್ತಿ ತಿಂದುಬಿಟ್ಟೆ, ಅದಕ್ಕೇ" ಅಂದೆ.

ಮಾರನೇ ದಿನ ಮೆಸೇಜ್ ಬಂತು: "ನೀನು ಒಳ್ಳೆಯವನು. ಆದ್ರೆ ನಾವು ದಿನಾ ಒಟ್ಟಿಗೆ ಊಟ ಮಾಡೋರು. ಗಂಟಲು, ಹೊಟ್ಟೆ ಎರಡೂ ಸರಿಯಿರೋರನ್ನ ಆರಿಸಿದ್ದೀವಿ."

೩. ಅಮ್ಮನ ಸಾಕ್ಷಿ

ಎರಡನೇ ಮನೆಯವರು ಕರೆದಾಗ ಉಳಿದಿದ್ದು ಮೂರೇ ದಿನ. ಇದೂ ತಪ್ಪಿದ್ರೆ ಸೀನಿಯರ್ ಮುಖ ನೋಡೋ ಹಾಗಿರಲಿಲ್ಲ. ಅಡುಗೆಮನೆ ಗೋಡೇಲಿ ಒಂದು ಪಟ್ಟಿ ಅಂಟಿಸಿದ್ರು, ಯಾವ ವಾರ ಯಾರು ಟಾಯ್ಲೆಟ್ ತೊಳೀಬೇಕು ಅಂತ. ಅಲ್ಲಿದ್ದ ನಾಲ್ವರಲ್ಲಿ ಒಬ್ಬ ಉದ್ದನೆ ಹುಡುಗ ನನ್ನ ಬಯೋಡೇಟಾನ ಪ್ರಿಂಟ್ ತೆಗೆದಿಟ್ಕೊಂಡಿದ್ದ.

"ಎಲ್ಲ ಮನೆಕೆಲಸ ಬರುತ್ತೆ ಅಂತಿದೆ. ಟಾಯ್ಲೆಟ್ಟೂ ತೊಳೀತೀಯಾ?"

"ಮನೇಲಿ ಪ್ರತಿ ಭಾನುವಾರ ನಾನೇ ತೊಳೆಯೋದು" ಅಂದೆ. ಬ್ರಷ್ ಯಾವ ಕಡೆಯಿಂದ ಹಿಡೀಬೇಕು ಅಂತಾನೂ ಗೊತ್ತಿರಲಿಲ್ಲ.

ಆಗಲೇ ಅಮ್ಮನ ವೀಡಿಯೋ ಕಾಲ್ ಬರಬೇಕೇ! ರೂಮ್ ಸಿಕ್ತಾ ಅಂತ ಕೇಳೋಕೆ. ಕಟ್ ಮಾಡೋಕೆ ಹೋದ್ರೆ, "ತಗೋ, ನಾವೂ ಹಲೋ ಹೇಳ್ತೀವಿ" ಅಂದ್ರು. ಅಮ್ಮ ಹೈಸ್ಕೂಲಲ್ಲಿ ಇಂಗ್ಲಿಷ್ ಟೀಚರ್. ಬೇರೆ ಯಾವ ಸಬ್ಜೆಕ್ಟಾಗಿದ್ರೂ ಬಚಾವಾಗ್ತಿದ್ದೆ.

"ನಿಮ್ಮ ಮಗ ಮನೇಲಿ ಟಾಯ್ಲೆಟ್ ತೊಳೀತಾನಂತೆ, ಹೌದಾ?" ಅಂತ ಕೇಳೇಬಿಟ್ಟ ಉದ್ದನೆಯವನು.

ಅಮ್ಮ ಬಿದ್ದು ಬಿದ್ದು ನಕ್ಕಳು. "ಇವನಾ? ಉಂಡ ತಟ್ಟೆ ಎತ್ತಿಟ್ಟವನಲ್ಲ! ಟಾಯ್ಲೆಟ್ ನಾನೇ ತೊಳೆಯೋದಪ್ಪಾ, ಸ್ಕೂಲಿಂದ ಬಂದ್ಮೇಲೆ. ಮನೆಕೆಲಸ ಗೊತ್ತಿರೋದು ಇವನ ಅಕ್ಕನಿಗೆ. ಹಾಡೋದೂ ಅವಳೇ."

ನಾಲ್ಕೂ ಜನ ಬಯೋಡೇಟಾ ನೋಡಿದ್ರು. ಆಮೇಲೆ ಉದ್ದನೆಯವನು ಆರಡಿ ಇರೋ ನನ್ನನ್ನ ಕಾಲಿಂದ ತಲೆವರೆಗೆ ನೋಡಿ, "ಓ, ಐದಡಿ ಮೂರಿಂಚು" ಅಂದ.

ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಆದ್ರೆ ಸಿಕ್ಕಿಬಿದ್ದಿದ್ದಕ್ಕಿಂತ ಜಾಸ್ತಿ ನಾಚಿಕೆಯಾಗಿದ್ದು ಅಮ್ಮನ ನಗು ನೋಡಿ. ದೂರು ಹೇಳಲಿಲ್ಲ ಅವಳು, ಮುದ್ದಿಂದ ಹೇಳಿದ್ಲು. ಇಪ್ಪತ್ತಮೂರು ವರ್ಷ ಆ ಬಾತ್‌ರೂಮಿಗೆ ಹೋಗಿಬಂದಿದ್ದೀನಿ. ಯಾರು ತೊಳೀತಾರೆ ಅಂತ ಒಂದು ದಿನಾನೂ ಯೋಚನೆ ಬಂದಿರಲಿಲ್ಲ.

ತಲೆ ತಗ್ಗಿಸಿ ಹೇಳಿದೆ, "ಸುಳ್ಳು ಹೇಳಿದೆ. ಅದು ಅಕ್ಕನ ಬಯೋಡೇಟಾ. ನನಗೇನೂ ಬರಲ್ಲ, ಕಲೀತೀನಿ." ಇನ್ನು ಹೋಗೋಕೆ ಮಾನ ಉಳಿದಿರಲಿಲ್ಲ, ಅದಕ್ಕೇ "ಜೊತೆಗೆ ನನಗೆ ಹಸಿವಾಗ್ತಿದೆ" ಅಂತಾನೂ ಅಂದೆ.

ಅವರು ತಮ್ಮ ಭಾಷೇಲಿ ಏನೋ ಮಾತಾಡ್ಕೊಂಡ್ರು. ಒಬ್ಬಳು ತಟ್ಟೆ ತಂದಿಟ್ಲು. ಉದ್ದನೆಯವನು ಅಂದ, "ರೂಮ್ ನಿಂದು. ಆದ್ರೆ ಮೊದಲ ತಿಂಗಳು ಟಾಯ್ಲೆಟ್ ಪೂರ್ತಿ ನಿಂದೇ. ಚೆನ್ನಾಗಿದ್ಯಾ ಇಲ್ವಾ ಅಂತ ನಿಮ್ಮಮ್ಮ ಹೇಳ್ಬೇಕು. ಅವರೊಬ್ಬರ ಮಾತು ನಂಬ್ತೀವಿ."

ಮೊದಲ ಭಾನುವಾರ ಗ್ಲೌಸ್ ಹಾಕ್ಕೊಂಡು, ಫೋನನ್ನ ಸಿಂಕ್ ಮೇಲೆ ಒರಗಿಸಿಟ್ಟು, ಬ್ರಷ್ ಹಿಡಿದೆ. "ಮೂಲೆ ಬಿಟ್ಟೆ ನೋಡು… ಅಂಚಿನ ಕೆಳಗೆ ಉಜ್ಜೋ…" ಅಂತ ಅಮ್ಮ ಅರ್ಧ ಗಂಟೆ ಪಾಠ ಮಾಡಿದ್ಲು. ಬೆನ್ನು ಹಿಡ್ಕೊಳ್ತು. "ನಿನಗೂ ಹೀಗೇ ನೋಯ್ತಿತ್ತಾಮ್ಮಾ?" ಅಂತ ಕೇಳಿದೆ. ಅಮ್ಮ ಸೆರಗಲ್ಲಿ ಕಣ್ಣು ಒರೆಸ್ಕೊಂಡ್ಲು. ಆಮೇಲೆ ಫೋನನ್ನ ಈಸಿಚೇರ್ ಕಡೆ ತಿರುಗಿಸಿ, ಪೇಪರ್ ಓದ್ತಿದ್ದ ಅಪ್ಪನಿಗೆ ತೋರಿಸಿದ್ಲು.

"ನೋಡಿ ಇಲ್ಲಿ, ಮಗ ಕಲಿತ. ಏಳಿ ಮೇಲೆ."

ಸಂಜೆ ಅಪ್ಪನ ಮೆಸೇಜ್ ಬಂತು. ನನಗೆ ಅಂತಾನೇ ಅವರು ಬರೆದ ಮೊದಲ ಮೆಸೇಜು: "ಮಗನೇ, ನಿನಗೆ ಕೈ ಮುಗೀತೀನಿ. ಮುಂದಿನ ವಾರದಿಂದ ಫೋನ್ ಆಫ್ ಮಾಡ್ಕೊಂಡು ತೊಳಿ."