ಚಿಲಕಣ್ಣನ ಪಾಯಿಂಟುಗಳು

ಚಿಲಕಣ್ಣ ಐದು ವರ್ಷ ಕೂಡಿಟ್ಟ ಪಾಯಿಂಟುಗಳನ್ನು ಯಾರೋ ಖರ್ಚು ಮಾಡಿದ್ದರು. ಒಂದನ್ನೂ ಉಳಿಸಿರಲಿಲ್ಲ.

ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಅಂಗಡಿಯ ಶಟರನ್ನು ಅರ್ಧ ಎತ್ತಿ, ಅದರ ಕೆಳಗೆ ಕುಕ್ಕುರುಗಾಲಿನಲ್ಲಿ ಕೂತು, ಯಾರೂ ನೋಡುತ್ತಿಲ್ಲವೆಂದು ಬೀದಿಯ ಎರಡೂ ಕಡೆ ಕಣ್ಣಾಡಿಸಿ ಫೋನು ತೆರೆದಾಗ ಅಲ್ಲಿ ದೊಡ್ಡದೊಂದು ಸೊನ್ನೆ ಬಾಯ್ಬಿಟ್ಟುಕೊಂಡಿತ್ತು. ಅವನ ಬಾಯಿಯೂ ಅದೇ ಆಕಾರಕ್ಕೆ ಬಂತು.

ಅವನ ಕಸುಬು ಬೀಗ ರಿಪೇರಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಮೂರು ಚಿಲಕದ ಬಾಗಿಲು. ಆ ಮೂರು ಚಿಲಕದ ದೆಸೆಯಿಂದಲೇ ಬೀದಿ ಅವನಿಗೆ ಈ ಹೆಸರಿಟ್ಟದ್ದು. ಐದು ವರ್ಷದ ಹಿಂದೆ ಒಂದು ಕಂಪನಿಯವರು ಅವನನ್ನು ದೊಡ್ಡ ಹೋಟೆಲಿಗೆ ಕರೆಸಿ, ಹಣ್ಣಿನ ರಸ ಕುಡಿಸಿ, ಗುಡ್ಡದ ಮೇಲಿನ ರೆಸಾರ್ಟೊಂದರ ಐವತ್ತೆರಡರಲ್ಲೊಂದು ಪಾಲನ್ನು ತಲೆಗೆ ಕಟ್ಟಿದ್ದರು. ವರ್ಷಕ್ಕೊಂದು ವಾರ ಆ ಕೋಣೆ ಅವನದು. ಗುಡ್ಡ ಬೇಡವೆಂದರೆ ಆ ವಾರವನ್ನು ಪಾಯಿಂಟು ಮಾಡಿಟ್ಟುಕೊಂಡು, ಅದೇ ಪಾಯಿಂಟು ಕೊಟ್ಟು ಕಡಲ ಪಕ್ಕವೋ ಕಾಡಿನೊಳಗೋ ಬೇರೊಂದು ರೆಸಾರ್ಟಿನಲ್ಲಿ ತಂಗಬಹುದು. ಬಾಡಿಗೆ ಮನೆಯ ಗೋಡೆಗೆ ಸುಣ್ಣ ಕಾಣಿಸಲಾಗದವನಿಗೆ ಗುಡ್ಡ ಮಾರುವವರ ಧೈರ್ಯ ದೊಡ್ಡದು. ಕೊಂಡವನ ಧೈರ್ಯ ಇನ್ನೂ ದೊಡ್ಡದು.

ಕೊಂಡನೇ ಹೊರತು ಹೋಗಲಿಲ್ಲ. ಹೆಂಡತಿ ಕೇಳಿದಾಗಲೆಲ್ಲ ಲೆಕ್ಕ ಒಪ್ಪಿಸುತ್ತಿದ್ದ. ಈ ವರ್ಷ ಹೋದರೆ ಬರೀ ಕೋಣೆ. ಮುಂದಿನ ವರ್ಷ ಹೋದರೆ ಕೋಣೆಗೊಂದು ಬಾಲ್ಕನಿ. ಅದರ ಮುಂದಿನ ವರ್ಷ ಬಾಲ್ಕನಿಯಿಂದ ಕಡಲು. ಹೀಗೆ ಕಡಲು ವರ್ಷವರ್ಷಕ್ಕೂ ಹತ್ತಿರ ಬರುತ್ತಿತ್ತು, ಇವರು ಮಾತ್ರ ಇದ್ದಲ್ಲೇ ಇದ್ದರು. ಇಷ್ಟಕ್ಕೂ ಎಲ್ಲರೂ ಹೋದರೆ ಮನೆ ಕಾಯುವವರು ಯಾರು? ಊರಿಗೆಲ್ಲ ಬೀಗ ಕೊಡುವವನಿಗೆ ತಾನೇ ಮಾಡಿದ ಬೀಗದ ಮೇಲೆ ನಂಬಿಕೆಯಿರಲಿಲ್ಲ. ಅಮ್ಮನೋ ಹೆಂಡತಿಯೋ, ಒಬ್ಬರು ಸದಾ ಮನೆಯಲ್ಲಿರಬೇಕು ಎಂಬುದು ಅವನ ಕಟ್ಟಪ್ಪಣೆ. ಕಾವಲು ನಾಯಿಗಾದರೂ ಒಂದು ಹೊತ್ತು ಸರಪಳಿ ಬಿಚ್ಚುತ್ತಾರೆ.

ಈಗ ಈ ಸೊನ್ನೆ. ಹೊರಗೆ ಹೇಳುವಂತಿಲ್ಲ. ಬೀಗದವನ ಗಂಟೇ ಹೋಯಿತೆಂದು ಗೊತ್ತಾದರೆ ನಾಳೆ ಅವನ ಅಂಗಡಿಗೆ ಬೀಗ ತರುವವರು ಯಾರು? ಒಳಗೆ ಹೇಳಿಕೊಳ್ಳೋಣವೆಂದರೆ ಮನೆಯೇ ರಣರಂಗ. ಕಳೆದ ತಿಂಗಳು ಅತ್ತೆ ಸೊಸೆಗೆ ಭಾರೀ ಜಗಳವಾಗಿ, "ಇವಳಿರೋ ಮನೇಲಿ ನಾನಿರಲ್ಲ" ಎಂದು ಅಮ್ಮ ಮಗಳ ಮನೆಗೆ ಹೊರಟರೆ, "ನಾನ್ಯಾಕೆ ಇರ್ಲಿ" ಎಂದು ಹೆಂಡತಿ ತವರಿಗೆ ಹೊರಟಿದ್ದಳು. ನಾಲ್ಕು ದಿನ ಚಿಲಕಣ್ಣ ಅಂಗಡಿಯನ್ನೂ ಮನೆಯನ್ನೂ ತಾನೇ ಕಾದು, ಒಣ ಬ್ರೆಡ್ಡು ತಿಂದು, ಅರ್ಧ ಇಳಿದುಹೋಗಿದ್ದ. ವಾಪಸು ಬಂದ ಮೇಲೂ ಜಗಳ ತಣ್ಣಗಾಗಿರಲಿಲ್ಲ. ಅಮ್ಮ ಮಾತೇ ಬಿಟ್ಟಿದ್ದಳು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮೂಲೆಯಲ್ಲಿ ಕೂತಿರುತ್ತಿದ್ದಳು. ಹೆಂಡತಿ ಸೇಡು ತೀರಿಸಿಕೊಳ್ಳಲೆಂದೇ ಇರಬೇಕು, ಎಲ್ಲವನ್ನೂ ಕೂಸಿಗೆ ಉಣಿಸುವಂತೆ ಅರೆದು, ಹಿಸುಕಿ, ನೆನೆಸಿ ಬಡಿಸುತ್ತಿದ್ದಳು.

"ಅಮ್ಮನ ಜೊತೆ ಮಾತಾಡೇ" ಎಂದರೆ, "ಅವರೇ ಬಾಯಿ ಬಿಡ್ತಿಲ್ಲವಲ್ಲ, ನಾನೇನ್ ಮಾಡ್ಲಿ?" ಎನ್ನುತ್ತಿದ್ದಳು.

ಅವನೂ ಅಮ್ಮನ ಮುಖವನ್ನು ದಿಟ್ಟಿಸಿ ನೋಡಿದವನಲ್ಲ. ಮನುಷ್ಯರ ಮುಖಕ್ಕಿಂತ ಬೀಗದ ಬಾಯಿ ನೋಡಿದ್ದೇ ಹೆಚ್ಚು.

ಅವನ ಕಣ್ಣು ಮೊದಲು ಬಿದ್ದದ್ದು ಪಕ್ಕದ ಕ್ಷೌರದಂಗಡಿಯ ಮೇಲೆ. ಅದರ ಯಜಮಾನನಿಗೆ ಬೀದಿಯಲ್ಲಿ ಕತ್ತರಿ ಎಂದೇ ಹೆಸರು. ಕಳೆದ ತಿಂಗಳು ಕತ್ತರಿ ಅಂಗಡಿ ಮುಚ್ಚಿಕೊಂಡು ಎಲ್ಲೋ ಹೋಗಿದ್ದ. ಬಂದಾಗ ಅವನ ಕತ್ತು ಸುಟ್ಟ ಬದನೆಕಾಯಿಯಂತಿತ್ತು.

"ಏನಯ್ಯ ಕತ್ತರಿ, ಕತ್ತು ಚೆನ್ನಾಗಿ ಕಪ್ಪಾಗಿದೆ. ಕಡಲ ಬಿಸಿಲೋ?"

ಕತ್ತರಿ ಒಬ್ಬ ಗಿರಾಕಿಯ ಕೆನ್ನೆಗೆ ನೊರೆ ಬಳಿಯುತ್ತಿದ್ದ. "ಕಡಲು ನಮ್ಮ ಹಣೇಲಿ ಬರೆದಿದೆಯಾ ಚಿಲಕಣ್ಣ? ಮನೆ ಮಾಡಿಗೆ ತಗಡು ಹೊದಿಸ್ದೆ. ಮಾಡಿನ ಮೇಲೇ ನಾಲ್ಕು ದಿನ."

ನಾಲ್ಕು ದಿನ! ಕೇಳದೆಯೇ ಲೆಕ್ಕ ಒಪ್ಪಿಸುವವನನ್ನು ನಂಬಬಾರದು ಎಂದುಕೊಂಡ ಚಿಲಕಣ್ಣ, ಅಂಗಡಿ ಮುಚ್ಚಿ, ಬೀಗ ಎಳೆದು ನೋಡಿ, ಹತ್ತು ಹೆಜ್ಜೆ ಹೋಗಿ ಮತ್ತೆ ಬಂದು ಎಳೆದು ನೋಡಿ, ಕಂಪನಿಯ ಕಚೇರಿಗೆ ಓಡಿದ.

ಅಲ್ಲಿ ಪ್ಲಾಸ್ಟಿಕ್ ಗಿಡ, ಗೋಡೆಯಗಲದ ಕಡಲಿನ ಚಿತ್ರ, ಕೂತರೆ ಏಳಲಾಗದ ಸೋಫಾ. ಕೋಟು ತೊಟ್ಟ ಹುಡುಗಿ ಕಂಪ್ಯೂಟರು ನೋಡಿ ಹಲ್ಲುಬಿಟ್ಟಳು.

"ಎಕ್ಸ್‌ಚೇಂಜ್ ಆಗಿದೆ ಸರ್. ಗುಡ್ಡದ ಪಾಯಿಂಟು ಕೊಟ್ಟು ಕಡಲ ತೀರದ ರೆಸಾರ್ಟು. ಇಬ್ಬರು, ಬಾಲ್ಕನಿ ಸಮೇತ. ಕಂಗ್ರಾಜುಲೇಶನ್ಸ್!"

"ಯಾವ ಇಬ್ಬರು?"

"ಅತಿಥಿಗಳ ಹೆಸರು ಹೇಳೋ ಹಾಗಿಲ್ಲ ಸರ್. ಗೌಪ್ಯತೆ."

"ನನ್ನ ಗಂಟು ತಿಂದವನ ಹೆಸರು ನನಗೇ ಗೌಪ್ಯನಾ?"

"ನಿಮ್ಮ ಹೆಸರನ್ನೂ ಅವರಿಗೆ ಹೇಳಲ್ಲ ಸರ್. ನಮ್ಮಲ್ಲಿ ಎಲ್ಲರಿಗೂ ಒಂದೇ ನ್ಯಾಯ."

ಆ ನ್ಯಾಯದೆದುರೂ ಚಿಲಕಣ್ಣನನ್ನು ಕಸುಬಿನ ಬುದ್ಧಿ ಬಿಡಲಿಲ್ಲ. "ಮೊದಲು ಖಾತೆಗೆ ಬೀಗ ಹಾಕಮ್ಮ! ಕಳ್ಳತನ ಆಗಿದೆ ಅಂತ ಬರ್ಕೊ!"

ಹುಡುಗಿ ಇದಕ್ಕೇ ಕಾದಿದ್ದವಳಂತೆ ಟಕ್ಕನೆ ಒತ್ತಿದಳು. "ಹಾಕಿದೆ ಸರ್. ಇನ್ನು ಕಳ್ಳ ಯಾರು ಅಂತ ನೀವು ಹೆಸರು ಕೊಟ್ಟ ಮೇಲೇ ತೆಗೆಯೋದು. ಅಲ್ಲೀವರೆಗೆ ಹೊಸ ಪಾಯಿಂಟು ಬರಲ್ಲ. ವರ್ಷದ ನಿರ್ವಹಣಾ ಶುಲ್ಕ ಮಾತ್ರ ಕಟ್ತಾ ಇರಿ."

"ಬೀಗ ಹಾಕಿದ ಕೋಣೆಗೂ ಶುಲ್ಕನಾ?"

"ಬೀಗ ಹಾಕಿದ್ರೂ ಧೂಳು ಕೂರುತ್ತಲ್ಲ ಸರ್."

ಬೀಗ ತೆಗೆಯುವುದರಲ್ಲಿ ಊರಿಗೇ ಹೆಸರಾದವನು ತೆಗೆಯಲಾಗದ ಬೀಗವೊಂದನ್ನು ತಾನೇ ಹೇಳಿ ಹಾಕಿಸಿಕೊಂಡು ಹೊರಬಿದ್ದ. ದಾರಿಯುದ್ದಕ್ಕೂ ಒಂದೇ ಗುಂಗು. ಇಬ್ಬರು. ಒಬ್ಬ ಕತ್ತರಿ ಸರಿ, ಇನ್ನೊಬ್ಬ ಯಾರು?

ಬೀದಿಗೆ ಬರುವಾಗ ಕ್ಷೌರದಂಗಡಿಯ ಮೆಟ್ಟಿಲ ಮೇಲೆ ನಿಂತು ಎದುರಂಗಡಿಯ ಟೈಲರಕ್ಕ ಕತ್ತರಿಯ ಜೊತೆ ಏನೋ ಹೇಳಿಕೊಂಡು ನಗುತ್ತಿದ್ದಳು. ಚಿಲಕಣ್ಣನನ್ನು ಕಂಡದ್ದೇ ಇಬ್ಬರೂ ನಗು ನುಂಗಿದರು. ಅಷ್ಟು ಸಾಕಾಯಿತು.

"ಗೊತ್ತಾಯ್ತು! ಇಬ್ರು ಯಾರು ಅಂತ ಗೊತ್ತಾಯ್ತು!" ಎಂದು ಕೂಗಿದ. "ನನ್ನ ಪಾಯಿಂಟಲ್ಲಿ ಕಡಲ ಗಾಳಿ ತಗೊಂಡು ಬಂದ್ರಾ ಇಬ್ರೂ? ಬಾಲ್ಕನಿ ಸಮೇತ?"

ಗುಟ್ಟು ಬೀದಿಗೆ ಬಿದ್ದದ್ದು ಅವನಿಗೆ ತಿಳಿಯುವಷ್ಟರಲ್ಲಿ ಬೀದಿಯೇ ಅವನ ಸುತ್ತ ನೆರೆದಿತ್ತು. ಅರ್ಧ ಗಡ್ಡ ಹೆರೆಸಿಕೊಂಡಿದ್ದ ಗಿರಾಕಿಯೂ ಕೊರಳಿಗೆ ಕಟ್ಟಿದ ಬಟ್ಟೆಯೊಂದಿಗೇ ಓಡಿಬಂದ. ಟೈಲರಕ್ಕ ಕೈಯಲ್ಲಿದ್ದ ಮರದ ಅಳತೆಪಟ್ಟಿ ಎತ್ತಿದಳು.

"ನಾಲಿಗೆ ಅಳತೆ ಮೀರಿದ್ರೆ ಕತ್ತರಿಸೋದೂ ಗೊತ್ತು ನಂಗೆ! ಇವನ ಜೊತೆ ಕಡಲಿಗೆ ಹೋಗೋಕ್ಕಿಂತ ಕಡಲಿಗೆ ಬೀಳೋದು ಮೇಲು."

"ಇದೊಳ್ಳೇ ಕತೆ ಅಕ್ಕ, ನಾನೇನು ಅಷ್ಟು ಕಡೆಯಾದ್ನಾ?" ಎಂದು ಕತ್ತರಿ ನೊಂದುಕೊಂಡ. ಆಮೇಲೆ ಚಿಲಕಣ್ಣನ ಕಡೆ ತಿರುಗಿ, "ಅಲ್ಲಣ್ಣ, ನಿನ್ನ ಗುಪ್ತಪದ ಇಲ್ದೆ ಪಾಯಿಂಟು ಹೇಗೆ ತೆಗೀತಾರೆ?" ಎಂದ.

"ಅದೇ ನಾನು ಕೇಳ್ತಿರೋದು! ಅದು ಈ ಭೂಮಿ ಮೇಲೆ ನನಗೊಬ್ಬನಿಗೇ ಗೊತ್ತು."

"'ಯಾರನ್ನೂ ನಂಬಬೇಡ', ಅದೇ ಅಲ್ವಾ?"

ಚಿಲಕಣ್ಣ ಅವನ ಕೊರಳುಪಟ್ಟಿ ಹಿಡಿದ. "ನೋಡಿದ್ರಾ! ಬಾಯಿ ಬಿಟ್ಟ ಕಳ್ಳ!"

"ಬಿಡಣ್ಣ! ತಿಂಗಳ ಮೊದಲ ಸೋಮವಾರ ಬಂತಂದ್ರೆ ಶಟರ ಕೆಳಗೆ ಕೂತು ಒಂದೊಂದಕ್ಷರ ಜೋರಾಗಿ ಹೇಳ್ಕೊಂಡೇ ಒತ್ತುತೀಯ. ಬೀದೀಲಿ ಯಾರನ್ನ ಬೇಕಾದ್ರೂ ಕೇಳು."

ಬೀದಿಯವರು ಶಾಲೆ ಮಕ್ಕಳಂತೆ ಒಕ್ಕೊರಲಿನಿಂದ ಹೇಳಿದರು: "ಯಾರನ್ನೂ ನಂಬಬೇಡ!"

ಅದೇ ಹೊತ್ತಿಗೆ ಕೊರಿಯರಿನವನು ಸೈಕಲ್ ಇಳಿದು ಗುಂಪಿನೊಳಗೆ ನುಗ್ಗಿದ. ಮನೆ ವಿಳಾಸ ಯಾರಿಗೂ ಕೊಡಬಾರದೆಂಬ ಎಚ್ಚರದಿಂದ ಚಿಲಕಣ್ಣ ಕಂಪನಿಗೆ ಅಂಗಡಿಯ ವಿಳಾಸವನ್ನೇ ಬರೆಸಿದ್ದ. ಪುಟ್ಟ ಪೊಟ್ಟಣ. ಮೇಲೆ ಕಡಲ ತೀರದ ರೆಸಾರ್ಟಿನ ಮುದ್ರೆ, ಕೆಳಗೆ ಒಂದು ಸಾಲು: ಕೋಣೆಯಲ್ಲಿ ಬಿಟ್ಟುಹೋದ ವಸ್ತು.

"ಸಿಕ್ಕಿಬಿದ್ದ!" ಚಿಲಕಣ್ಣ ಪೊಟ್ಟಣವನ್ನು ಎತ್ತಿ ಹಿಡಿದ. "ಯಾರೂ ಅಲ್ಲಾಡಬೇಡಿ! ಕಳ್ಳನ ಮಾಲು ಇಲ್ಲೇ ಇದೆ. ಎಲ್ಲರೆದುರೇ ಬಿಚ್ತೀನಿ."

ಟೈಲರಕ್ಕ ಯಾಕೋ ಮೆತ್ತಗಾದಳು. "ಒಳಗೆ ಹೋಗಿ ಬಿಚ್ಚು ತಮ್ಮ, ನನ್ನ ಮಾತು ಕೇಳು."

"ಈಗ ಹೆದರಿಕೆ ಆಯ್ತಾ?" ಎಂದು ಚಿಲಕಣ್ಣ ಅಂಗಡಿ ತೆರೆದು, ಬೀದಿಯನ್ನೇ ಒಳಗೆ ಕರೆದು, ಕೀಲಿ ಕೊರೆಯುವ ಮೇಜಿನ ಮೇಲೆ ಪೊಟ್ಟಣವಿಟ್ಟು ಉಳಿಯಿಂದ ಸೀಳಿದ. ಹತ್ತಿ, ಹತ್ತಿಯೊಳಗೆ ಕಾಗದ, ಕಾಗದದೊಳಗೆ ಒಂದು ಜೊತೆ ಹಲ್ಲು.

ಮೇಲಿನ ಸಾಲು, ಕೆಳಗಿನ ಸಾಲು, ಎರಡೂ ಸೇರಿ ಚಿಲಕಣ್ಣನನ್ನು ನೋಡಿ ನಗುತ್ತಿದ್ದವು.

ಚಿಲಕಣ್ಣ ಇಕ್ಕಳದಲ್ಲಿ ಹಲ್ಲನ್ನು ಎತ್ತಿ ದೀಪಕ್ಕೆ ಹಿಡಿದು, ಕೀಲಿಯ ಕಚ್ಚು ಪರೀಕ್ಷಿಸುವಂತೆ ಒಂದು ಕಣ್ಣು ಮುಚ್ಚಿ ನೋಡಿದ.

"ಬೀಗ ಸಿಕ್ಕಿಲ್ಲ, ಕೀಲಿ ಸಿಕ್ಕಿದೆ. ಇದು ಯಾರ ಬಾಯಿಗೆ ಕೂರುತ್ತೋ ಅವರೇ ಕಳ್ಳರು. ಕತ್ತರಿ, ಬಾಯಿ ತೆಗಿ!"

ಕತ್ತರಿ ಆ ಎಂದ. ಅವನ ಹಲ್ಲು ಒಂದೂ ಬಿಡದೆ ಇದ್ದವು, ಜೊತೆಗೆ ಎಲೆಯಡಿಕೆಯ ಚೂರುಗಳೂ ಇದ್ದವು. ಟೈಲರಕ್ಕ ಬಾಯಿ ತೆಗೆಯುವ ಬದಲು ಅಳತೆಪಟ್ಟಿ ತೋರಿಸಿದ್ದರಿಂದ ಅವಳನ್ನು ಬಿಟ್ಟ. ಅರ್ಧ ಗಡ್ಡದವನಿಗೆ ಮುಂದಿನೆರಡು ಹಲ್ಲಿರಲಿಲ್ಲ. ಇಕ್ಕಳ ಹತ್ತಿರ ಬರುತ್ತಲೇ ಅವನು ಕೂಗಿಕೊಂಡ: "ಎರಡು ಹಲ್ಲಿಗೋಸ್ಕರ ಪೂರ್ತಿ ಸೆಟ್ಟು ಯಾರಾದ್ರೂ ಹಾಕಿಸ್ತಾರೇನಯ್ಯಾ!"

ಆಗ ಹಿಂದಿನ ಬಾಗಿಲಿನ ಮೂರು ಚಿಲಕಗಳೂ ಒಂದಾದ ಮೇಲೊಂದು ಸರಿದವು. ಅಮ್ಮ ಹೊರಗೆ ಬಂದಳು. ಅವಳ ಹಿಂದೆ, ಹಾಲಿನಲ್ಲಿ ನೆನೆಸಿದ ಬ್ರೆಡ್ಡಿನ ಬಟ್ಟಲು ಹಿಡಿದು, ಹೆಂಡತಿ.

ಅಮ್ಮ ಗುಂಪನ್ನು ನೋಡಲಿಲ್ಲ. ನೇರ ಮೇಜಿನ ಬಳಿ ಬಂದು ಮಗನ ಇಕ್ಕಳದಿಂದ ಹಲ್ಲನ್ನು ಬಿಡಿಸಿಕೊಂಡಳು. ನೀರಿನ ಲೋಟದಲ್ಲಿ ಅಲ್ಲಾಡಿಸಿದಳು. ಬಾಯಿಗಿಟ್ಟು ಒತ್ತಿದಳು.

ಟಕ್.

ಚಿಲಕಣ್ಣ ತನ್ನ ಕಸುಬಿನಲ್ಲಿ ಸಾವಿರಾರು ಕೀಲಿ ಕೊರೆದಿದ್ದ. ಒಂದೂ ಇಷ್ಟು ಸರಿಯಾಗಿ ಕೂತದ್ದನ್ನು ಕಂಡಿರಲಿಲ್ಲ.

"ಅಮ್ಮಾ, ನೀನಾ? ನೀನು ಅಕ್ಕನ ಮನೆಗೆ... ಇವಳು ತವರಿಗೆ..."

"ಇಬ್ರೂ ಒಂದೇ ಬಸ್ಸು ಹತ್ತಿದ್ರು ತಮ್ಮ," ಎಂದಳು ಟೈಲರಕ್ಕ. "ಒಂದೇ ಸೀಟಲ್ಲಿ ಕೂತಿದ್ರು. ಅದಕ್ಕೇ ಹೇಳ್ದೆ, ಒಳಗೆ ಬಿಚ್ಚು ಅಂತ."

"ಮತ್ತೆ ಆ ಜಗಳ?"

"ಜಗಳ ಆಡ್ದೇ ಇದ್ದಿದ್ರೆ ಇಬ್ಬರನ್ನೂ ಒಟ್ಟಿಗೆ ಬಿಡ್ತಿದ್ರೇನ್ರೀ?" ಹೆಂಡತಿ ಬಟ್ಟಲನ್ನು ಮೇಜಿನ ಮೇಲಿಟ್ಟಳು. "ಒಬ್ಬರು ಮನೆ ಕಾಯಲೇಬೇಕು ಅಂತ ಕೂತ್ರಿ. ಒಬ್ಬರ ಮುಖ ಒಬ್ಬರು ನೋಡಲ್ಲ ಅಂದ್ರೆ ಮಾತ್ರ ಇಬ್ಬರಿಗೂ ಬಾಗಿಲು ತೆಗೀತು. ವಾರಗಟ್ಟಲೆ ಅಭ್ಯಾಸ ಮಾಡಿ ಆಡಿದ ಜಗಳ ಅದು. ಫೋನು ಅಡುಗೆಮನೇಲೇ ಚಾರ್ಜಿಗಿಡ್ತೀರಿ. ಗುಪ್ತಪದ ಹೇಗೂ ಬೀದಿಗೇ ಬಾಯಿಪಾಠ."

"ಅಲ್ವೇ, ಇನ್ನೊಂದು ವರ್ಷ ಕಾದಿದ್ರೆ ಎರಡು ಬಾಲ್ಕನಿ..."

"ಒಂದರಲ್ಲೇ ಇಬ್ಬರೂ ಕೂತ್ವಿ. ಕೂತಲ್ಲಿಗೆ ಕಾಫಿ ಬಂತು. ನಾನು ಮಾಡದೇ ಇದ್ದ ಕಾಫಿ ಕುಡಿದದ್ದು ಮದುವೆ ಆದ ಮೇಲೆ ಅದೇ ಮೊದಲು."

ಗುಂಪಿನಲ್ಲಿ ನಗು ಎದ್ದಿತು. ಅರ್ಧ ಗಡ್ಡದವನು ಗಂಟಲು ಸರಿಮಾಡಿಕೊಂಡ. "ಚಿಲಕಣ್ಣ, ನಮ್ಮನೆ ಬೀಗ ರಿಪೇರಿಗೆ ಕೊಟ್ಟಿದ್ದೆ. ಅದನ್ನ ಹಾಗೇ ವಾಪಸ್ ಕೊಟ್ಟುಬಿಡು." ಅವನ ಹಿಂದೆ ಇನ್ನಿಬ್ಬರು ಕೈ ಚಾಚಿದರು.

ಚಿಲಕಣ್ಣ ಲೆಕ್ಕ ಹಾಕಿದ. ಕಂಪನಿಯ ಬೀಗ ತೆಗೆಯಬೇಕಾದರೆ ಕಳ್ಳನ ಹೆಸರು ಕೊಡಬೇಕು. ಹೆಸರು ಕೊಟ್ಟರೆ ಅದು ಅಮ್ಮನದು. ಕೊಡದಿದ್ದರೆ ಸಾಯುವವರೆಗೆ ಧೂಳಿಗೆ ಶುಲ್ಕ. ಅದು ಹಾಳಾಗಿ ಹೋಗಲಿ, ಕೈಯಲ್ಲಿದ್ದ ಕಸುಬೇ ಕಣ್ಣೆದುರು ಮೆಟ್ಟಿಲಿಳಿದು ಹೋಗುತ್ತಿತ್ತು. ಅವನು ಅಮ್ಮನ ಕಿವಿಯ ಹತ್ತಿರ ಬಾಗಿದ.

"ಅಮ್ಮ, ನಿನ್ನ ಕಾಲಿಗೆ ಬೀಳ್ತೀನಿ. ಇದು ನಂದಲ್ಲ, ನಾನು ಕಡಲೇ ಕಂಡಿಲ್ಲ ಅಂತ ಹೇಳ್ಬಿಡು. ಈ ಬೀಗದವನ ಮನೇಲಿ ಕಳ್ಳತನ ಆಗಿಲ್ಲ ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳು. ಆ ಹಲ್ಲು ತೆಗೆದು ಕೊಡು."

ಅಮ್ಮ ನೆನೆದ ಬ್ರೆಡ್ಡಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಸೊಸೆ ಸೊಂಟದಿಂದ ತೆಗೆದುಕೊಟ್ಟ ಗಟ್ಟಿ ಬಿಸ್ಕತ್ತನ್ನು ಬಾಯಿಗಿಟ್ಟು ಕಟುಮ್ ಎಂದು ಕಡಿದಳು. ಒಂದು ತಿಂಗಳಾದ ಮೇಲೆ ಅವಳ ಮಾತು ಸ್ಪಷ್ಟವಾಗಿ ಬಂತು, ಬೀದಿಯ ಕೊನೆಯವರೆಗೂ ಕೇಳುವಂತೆ.

"ಕಡಲು ನೋಡ್ದೆ ಕಣೋ. ಬಾಗಿಲಿಗೆ ಚಿಲಕ ಹಾಕದೇನೇ ಮಲಗಿದ್ದೆ. ಯಾರೂ ಬರ್ಲಿಲ್ಲ, ಗಾಳಿ ಬಂತು ಅಷ್ಟೆ."

"ಅಮ್ಮಾ, ಅದನ್ನಲ್ಲ! ನಾನು ಹೇಳ್ಕೊಟ್ಟದ್ದು ಹೇಳು!"

ಅಮ್ಮ ಬಿಸ್ಕತ್ತಿನ ಉಳಿದರ್ಧವನ್ನು ಸೊಸೆಗೆ ಕೊಟ್ಟಳು.

"ಹೇಳಲ್ಲ."