ಬೋಣಿ ಗಿರಾಕಿ

ಮಕ್ಕಳು ಅಪ್ಪನ ಮಾತು ಕೇಳುವುದಿಲ್ಲ ಎಂದು ಊರೆಲ್ಲ ದೂರುತ್ತದೆ. ನನ್ನ ದೂರು ಬೇರೆ. ನನ್ನ ಮಗಳು ಕೇಳಿಬಿಟ್ಟಳು.

ಮಧುಗಿರಿಯಲ್ಲಿ ನನ್ನದೊಂದು ಫ್ಯಾನ್ಸಿ ಸ್ಟೋರ್ ಇದೆ. ಬಳೆ, ದಾರ, ಗುಂಡಿ, ಪಿನ್ನು (ಗಿರಾಕಿ ಕೇಳಿದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ). ಪಿಯುಸಿ ಓದುವ ಮಗಳು ಲೋಹಿತಾ, ಕಾಲೇಜಿನವರ ಜೊತೆ ಮುರುಡೇಶ್ವರಕ್ಕೆ ಹೋಗಿ ಸಮುದ್ರ ನೋಡಬೇಕು, ಎರಡೂವರೆ ಸಾವಿರ ಕೊಡು ಎಂದಳು.

"ನೀರು ನೋಡಾಕೆ ಅಷ್ಟು ದುಡ್ಡು ಯಾಕಮ್ಮ? ಮದಲೂರು ಕೆರೆ ತುಂಬೈತೆ. ಹೆಣ್ಮಕ್ಳಿಗೆ ಬಸ್ಸೂ ಪುಕ್ಕಟೆ. ನೋಡ್ಕಂಡು ಬಾ" ಎಂದೆ. ಬಿಡಿಗಾಸೂ ಬಿಚ್ಚುವುದಿಲ್ಲ ಎಂದೂ ಸೇರಿಸಿದೆ.

ಅವಳು ಅಳಲಿಲ್ಲ. ನಾನು ಆಗಲೇ ಹೆದರಬೇಕಿತ್ತು. ರೇಷ್ಮೆ ದಾರ ಸುತ್ತಿದ ಬಳೆ ಮಾಡಿ ಮಾರುತ್ತೇನೆ, ಅಂಗಡಿಯಿಂದ ದಾರ, ಕಲ್ಲು ಕೊಡು ಎಂದಳು. ನಾನು ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟು ಉಪದೇಶಾಮೃತ ಸುರಿಸಿದೆ. ವ್ಯಾಪಾರದಲ್ಲಿ ಅಪ್ಪ ಮಗಳು ಅಂತಿಲ್ಲ. ಗಿರಾಕಿಯಂತೆ ಬಾ, ಚೌಕಾಸಿ ಮಾಡಿ ಕೊಂಡುಹೋಗು.

ಬಂದಳು. ಮಾರನೆಯ ಬೆಳಿಗ್ಗೆ ನಾನು ಷಟರ್ ಎತ್ತಿ, ಬಾಗಿಲಿಗೆ ನೀರು ಚಿಮುಕಿಸಿ, ಊದುಬತ್ತಿ ಹಚ್ಚಿ ತಿರುಗಿದರೆ ಮೆಟ್ಟಿಲ ಮೇಲೆ ನಿಂತಿದ್ದಾಳೆ. ಇಪ್ಪತ್ತು ರೂಪಾಯಿಯ ದಾರದ ಉಂಡೆಯನ್ನು ಎಂಟಕ್ಕೆ ಕೇಳಿದಳು. ನಾನು ನಕ್ಕೆ. ಹಾಗಾದರೆ ಬೇಡ ಎಂದು ಒಂದು ಮೆಟ್ಟಿಲು ಇಳಿದಳು.

ಇನ್ನೂ ಬೋಣಿ ಆಗಿರಲಿಲ್ಲ. ದಿನದ ಮೊದಲ ಗಿರಾಕಿ ಬರಿಗೈಯಲ್ಲಿ ಇಳಿದುಹೋದರೆ ಅಂದಿನ ವ್ಯಾಪಾರ ಮುಗಿದಂತೆ ಎಂದು ತಾತ ಚನ್ನಮಲ್ಲಯ್ಯನವರ ಕಾಲದಿಂದ ನಮ್ಮ ವಂಶ ನಂಬಿದೆ. ಅದನ್ನು ಅವಳಿಗೆ ಕಲಿಸಿದವನೂ ನಾನೇ.

"ಬಾರಮ್ಮ ತಾಯಿ, ತಗಂಡೋಗು" ಎಂದೆ.

ಹೀಗೆ ದಿನವೂ ಆಯಿತು. ನಾನೂ ಒಂದು ಉಪಾಯ ಹೂಡಿದೆ. ನಾಳೆ ಎಲ್ಲರಿಗಿಂತ ಮೊದಲು ಬಂದು ಏನಾದರೂ ಕೊಳ್ಳಪ್ಪ ಎಂದು ಎದುರಿನ ಟೀ ಅಂಗಡಿಯ ಚಿಕ್ಕಹನುಮಯ್ಯನಿಗೆ ಹೇಳಿದೆ. ಅವನು ಬಂದ. ಜೇಬಿನಿಂದ ಚೀಟಿ ತೆಗೆದು ಓದಿದ: ಗುಲಾಬಿ ದಾರ ನಾಲ್ಕು, ಬಿಳಿ ಕಲ್ಲು ಒಂದು ಪಾಕೀಟು. ಅಕ್ಷರ ಲೋಹಿತಾಳದು.

"ಎಂಟಕ್ಕಿಂತ ಜಾಸ್ತಿ ಕೊಡಬ್ಯಾಡ ಅಂದವ್ಳೆ ಕಣಯ್ಯ ನಿನ್ ಮಗ್ಳು. ನಮ್ಮನೆ ಹುಡುಗೀಗೂ ಒಂದು ಜೊತೆ ಬಳೆ ಕೊಡ್ತಾಳಂತೆ" ಎಂದು ಅವನೂ ಮೆಟ್ಟಿಲ ಕಡೆ ನೋಡಿದ.

ಬಳೆಗಳು ಕಾಲೇಜಿನಲ್ಲಿ ಶುರುವಾಗಿ, ವಾಟ್ಸಾಪ್ ಸ್ಟೇಟಸ್ ಹತ್ತಿ, ಕೊರಟಗೆರೆಯ ಮದುವೆಮನೆಯವರೆಗೂ ಹೋದವು. ಆಮೇಲೆ ನನ್ನ ಅಂಗಡಿಗೆ ಬಂದವರೆಲ್ಲ ದಾರದ ಬಳೆಯನ್ನೇ ಕೇಳತೊಡಗಿದರು. ನಾನು ತರಿಸಿದ್ದ ಮಾಲು ಧೂಳು ಹೊದ್ದು ಮಲಗಿತು. ಪಾವಗಡದ ಕಡೆಯ ಒಬ್ಬಾಕೆಯಂತೂ ಮೂವತ್ತು ಜೊತೆ ಬೇಕೆಂದು ಮುಂಗಡವನ್ನೇ ಕೊಟ್ಟಳು. ಬೇರೆ ದಾರಿಯಿರಲಿಲ್ಲ. ನಾನು ಮಗಳ ಗಿರಾಕಿಯಾದೆ.

ಆದರೂ ವ್ಯಾಪಾರಿ ವ್ಯಾಪಾರಿಯೇ. ಪ್ರವಾಸಕ್ಕೆ ದುಡ್ಡು ಕಟ್ಟಲು ಅಂದೇ ಕೊನೆ ದಿನ, ಅವಳಿಗೆ ಇನ್ನೂ ಸಾವಿರದ ಎಂಟುನೂರು ಬೇಕು ಎಂದು ಹೆಂಡತಿ ವನಜಾಕ್ಷಿಯ ಬಾಯಿಂದ ಹೊರಡಿಸಿಕೊಂಡಿದ್ದೆ. ಬೆಳಿಗ್ಗೆ ಆರಕ್ಕೇ ಎದ್ದೆ. ಲೋಹಿತಾ ಜಗಲಿಯಲ್ಲಿ ಚಾಪೆ ಹಾಸಿ ಬಳೆ ಜೋಡಿಸುತ್ತಿದ್ದಳು. ಪಕ್ಕದಲ್ಲಿ ಊದುಬತ್ತಿ ಬೇರೆ. ಅಂತೂ ವಂಶದ ಕುಡಿ.

ಮೂವತ್ತು ಜೊತೆಗೂ ಸೇರಿ ಸಾವಿರ ಎಂದೆ. ಒಂದು ಜೊತೆಗೆ ಅರವತ್ತು ಎಂದಳು. ಹಾಗಾದರೆ ಬೇಡ ಎಂದು ಎದ್ದು, ಜಗಲಿಯಿಂದ ಒಂದು ಕಾಲು ಇಳಿಸಿದೆ. ಕರೆಯಲು ಪುರಸೊತ್ತು ಸಿಗಲೆಂದು ಇನ್ನೊಂದು ಕಾಲನ್ನು ಬಹಳ ನಿಧಾನವಾಗಿ ಇಳಿಸಿದೆ. ಅವಳು ಕರೆಯಲಿಲ್ಲ.

"ಲೇ, ಬೋಣಿ ಟೈಮು ಕಣೇ" ಎಂದು ನಾನೇ ನೆನಪಿಸಬೇಕಾಯಿತು.

"ಬೋಣಿ ಆಗೋಯ್ತು ಕಣಪ್ಪ. ಅಮ್ಮ ಐದು ಗಂಟೆಗೇ ಮಾಡವ್ಳೆ."

ವನಜಾಕ್ಷಿ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎರಡೂ ಕೈಗೆ ಹೊಸ ಬಳೆ. "ಒಂದೇ ರೂಪಾಯಿಗೆ ಕೊಟ್ಲು ಕಣ್ರೀ. ಬೋಣಿ ಗಿರಾಕೀನ ಹೆಂಗೆ ನೋಡ್ಕಾಬೇಕು ಅಂತ ಹುಡುಗೀಗೆ ಗೊತ್ತು" ಎಂದಳು.

ಸಾವಿರದ ಎಂಟುನೂರು ಕೊಟ್ಟೆ. ಮಗಳು ಸಮುದ್ರ ನೋಡಿ, ಕುಣಿದು, ಬಿಸಿಲಿಗೆ ಕಪ್ಪಾಗಿ ಬಂದು, ನನ್ನ ಗಲ್ಲಾದಲ್ಲಿಡಲು ಪುಟ್ಟದೊಂದು ಶಂಖ ಕೊಟ್ಟಳು. ಪುಕ್ಕಟೆಯಾಗಿಯೇ ಕೊಟ್ಟಳು, ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಆ ಬೋಣಿಯ ಒಂದು ರೂಪಾಯಿಯನ್ನಾದರೂ ನಿನ್ನ ಡಬ್ಬಿಯಿಂದ ಕೊಟ್ಟೆಯಾ ಎಂದು ಮೊನ್ನೆ ವನಜಾಕ್ಷಿಯನ್ನು ಕೇಳಿದೆ. ಅವಳು ಗೂಟದಲ್ಲಿ ತೂಗುತ್ತಿದ್ದ ನನ್ನ ಅಂಗಿಯ ಜೇಬಿನ ಕಡೆ ನೋಡಿದಳು.